ಕಾರ್ಖಾನೆ ಮಾಡದೆ ಬಿಟ್ಟ ಕಾರುಗಳು

1964ರ ಶೆವರ್ಲೆ ಇಂಪಾಲಾವನ್ನು ಮೆಚ್ಚಿಕೊಳ್ಳಲು ಕಾರಿನ ಹುಚ್ಚೇನೂ ಬೇಕಿಲ್ಲ. ಉದ್ದನೆಯ ಮೈ, ಹಿಂದೆ ಎರಡೂ ಕಡೆ ಮೂರು ಮೂರು ಕೆಂಪು ದೀಪ, ಅಂಚಿನುದ್ದಕ್ಕೂ ಹೊಳೆಯುವ ಕ್ರೋಮ್. ಕಾರಿನ ಗಂಧಗಾಳಿ ಇಲ್ಲದವರೂ ಅದರ ಎದುರು ನಿಂತು ಒಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ, ತಗ್ಗಿಸಿ ಸಿಂಗರಿಸಿದ ಲೋರೈಡರ್ ಕಾರುಗಳ ಯಾವ ಕೂಟಕ್ಕೆ ಹೋದರೂ ಜನ ಮುತ್ತಿಕೊಳ್ಳುವುದು ಆ ಸಾಲನ್ನೇ. ನಾನು ಅದನ್ನು ದಾಟಿ ಆಚೆಯ ಸಾಲಿಗೆ ಹೋಗುತ್ತೇನೆ. ಅಲ್ಲಿರುವುದು 1980ರ ದಶಕದ ಮಾಂಟೆ ಕಾರ್ಲೊ, ಕಟ್ಲಸ್, ರೀಗಲ್, ಚೌಕಾಕಾರದ ಕ್ಯಾಡಿಲಾಕ್, 90ರ ದಶಕದ ದಪ್ಪ ಬೆನ್ನಿನ ಕಪ್ರೀಸ್. ಹೊಸದಾಗಿದ್ದಾಗ ಇವುಗಳ ಚಿತ್ರವನ್ನು ಹುಡುಗರು ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದು ಕಡಿಮೆ. ಬ್ಯಾಂಕಿನ ಗುಮಾಸ್ತರು, ಶಾಲೆಯ ಮೇಷ್ಟ್ರುಗಳು, ನಿವೃತ್ತರಾದ ಅಜ್ಜ-ಅಜ್ಜಿಯರು ಕಂತಿನಲ್ಲಿ ಕೊಂಡು ಕೆಲಸಕ್ಕೂ ಚರ್ಚಿಗೂ ಓಡಿಸಿದ ಕಾರುಗಳು ಇವು.

ಈ ಎರಡನೇ ಸಾಲಿನ ಪರವಾಗಿ ವಕಾಲತ್ತು ವಹಿಸಿ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಲೋರೈಡರ್ ಲೋಕದ ಒಳಗೇ ಇವನ್ನು ಸ್ವಲ್ಪ ಕೆಳಗಣ್ಣಿನಿಂದ ನೋಡುವ ಹಿರಿಯರಿದ್ದಾರೆ. ‘ಲೇಟ್ ಮಾಡೆಲ್’ (ಈಚಿನ ಕಾಲದ ಮಾದರಿ) ಎನ್ನುವಾಗ ಅವರ ದನಿಯಲ್ಲಿ, ಮನೆಗೆ ಕೊನೆಯಲ್ಲಿ ಬಂದ ಸೊಸೆಯ ಬಗ್ಗೆ ಮಾತಾಡುವ ಅತ್ತೆಯ ಧಾಟಿ ಇರುತ್ತದೆ.

ಗೊತ್ತಿಲ್ಲದವರಿಗೆ ಎರಡು ಸಾಲು: ಲೋರೈಡರ್ ಎಂದರೆ ನೆಲಕ್ಕೆ ತಾಗುವಷ್ಟು ತಗ್ಗಿಸಿ, ಬಣ್ಣ ಬಳಿದು, ಚಿಕ್ಕ ತಂತಿ ಚಕ್ರ ಹಾಕಿ, ಬೇಕೆಂದಾಗ ಮೇಲಕ್ಕೂ ಕೆಳಕ್ಕೂ ಆಡಿಸುವಂತೆ ಮಾಡಿಕೊಂಡ ಕಾರು. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಮೆಕ್ಸಿಕನ್-ಅಮೆರಿಕನ್ ಕೇರಿಗಳಲ್ಲಿ ಬೆಳೆದ ಕಲೆ. ಉಳಿದವರು ವೇಗಕ್ಕಾಗಿ ಕಾರನ್ನು ತಿದ್ದುತ್ತಿದ್ದಾಗ ಇವರು ನಿಧಾನಕ್ಕಾಗಿ ತಿದ್ದಿದರು.

ಸ್ಯಾನ್ ಹೋಸೆಯಲ್ಲಿ ಕನ್ನಡಿಗರು ಕಡಿಮೆಯೇನಿಲ್ಲ. ಆದರೆ ನಮ್ಮ ಓಡಾಟವೆಲ್ಲ ಕ್ಯೂಪರ್ಟಿನೊ, ಸನ್ನಿವೇಲ್, ಸ್ಯಾಂಟಾ ಕ್ಲಾರಾ ಕಡೆಗೆ. 101 ಹೆದ್ದಾರಿಯ ಪೂರ್ವಕ್ಕಿರುವ ಊರು ನಮ್ಮಲ್ಲಿ ಎಷ್ಟೋ ಜನಕ್ಕೆ ಬರೀ ಮ್ಯಾಪಿನಲ್ಲಿದೆ. ಸ್ಟೋರಿ ರೋಡ್ ಮತ್ತು ಕಿಂಗ್ ರೋಡ್ ಕೂಡುವ ಜಾಗ ಆ ಪೂರ್ವದಲ್ಲೇ ಇದೆ; ದಶಕಗಳಿಂದ ಲೋರೈಡರ್‌ಗಳು ಬಂದು ಸೇರುವ ಮೂಲೆ. ಈ ಸಂಸ್ಕೃತಿಯನ್ನು ದೇಶದ ತುಂಬ ಹಬ್ಬಿಸಿದ ‘ಲೋರೈಡರ್’ ಪತ್ರಿಕೆ 1977ರಲ್ಲಿ ಶುರುವಾಗಿದ್ದೂ ಇದೇ ಊರಿನಲ್ಲಿ. ಸಿಲಿಕಾನ್ ಕಣಿವೆ ಅಂದಾಗ ನಮ್ಮ ತಲೆಗೆ ಬರುವ, ಕಂಪ್ಯೂಟರ್ ಕಂಪನಿ ಹುಟ್ಟಿದ ಗ್ಯಾರೇಜು ಒಂದಾದರೆ, ಈ ಊರಲ್ಲೇ ಹುಟ್ಟಿ ಬೆಳೆದವರಿಗೆ ನೆನಪಾಗುವ ಗ್ಯಾರೇಜೇ ಬೇರೆ.

ನನ್ನ ಗೆಳೆಯನೊಬ್ಬ ಈ ಕಾರುಗಳ ಫೋಟೋ ನೋಡಿ, “ಅಷ್ಟು ದುಡ್ಡು ಸುರಿದು ಈ ಹಳೇ ಡಬ್ಬಾ ಯಾಕೆ ಗುರೂ? ಅದೇ ದುಡ್ಡಿಗೆ ಹೊಸ ಕಾರೇ ಬರುತ್ತಲ್ಲ” ಅಂದ. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಬೇಕಾದರೆ ಆ ಡಬ್ಬಾ ಡಬ್ಬಾ ಆಗಿದ್ದು ಹೇಗೆ ಅನ್ನುವುದರಿಂದ ಶುರು ಮಾಡಬೇಕು.

1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. 1975ರಲ್ಲಿ ಅಮೆರಿಕದ ಸಂಸತ್ತು, ಕಂಪನಿಗಳು ಮಾರುವ ಕಾರುಗಳು ಸರಾಸರಿ ಇಷ್ಟು ಮೈಲೇಜ್ ಕೊಡಲೇಬೇಕು ಎಂದು ಕಾನೂನು ಮಾಡಿತು. ಹಡಗಿನಷ್ಟು ಉದ್ದದ ಕಾರು ಮಾಡಿ ರೂಢಿಯಾಗಿದ್ದ ಜನರಲ್ ಮೋಟರ್ಸ್ 1977ರಲ್ಲಿ ದೊಡ್ಡ ಕಾರುಗಳನ್ನೂ, 1978ರಲ್ಲಿ ಮಧ್ಯಮ ಗಾತ್ರದವನ್ನೂ ಕತ್ತರಿಸಿ ಕುಗ್ಗಿಸಿತು. ಹಾಗೆ ಕುಗ್ಗಿದ ಮಧ್ಯಮ ಗಾತ್ರದ ಕಾರುಗಳನ್ನೇ ಇವತ್ತು ಅಭಿಮಾನಿಗಳು ಜಿ-ಬಾಡಿ ಎನ್ನುವುದು: ಶೆವರ್ಲೆಯ ಮಾಂಟೆ ಕಾರ್ಲೊ, ಓಲ್ಡ್ಸ್‌ಮೊಬೀಲ್‌ನ ಕಟ್ಲಸ್ ಸುಪ್ರೀಮ್, ಬ್ಯೂಯಿಕ್ ರೀಗಲ್, ಪಾಂಟಿಯಾಕ್ ಗ್ರ್ಯಾನ್ ಪ್ರೀ. ನಾಲ್ಕು ಹೆಸರು, ನಾಲ್ಕು ಮುಖ, ಕೆಳಗೆ ಒಂದೇ ಅಸ್ಥಿಪಂಜರ. ಹೊಗೆ ನಿಯಂತ್ರಣದ ಸಾಮಾನು ಸುತ್ತಿಕೊಂಡ ಎಂಜಿನ್‌ಗಳಲ್ಲಿ ದಮ್ಮಿರಲಿಲ್ಲ. ಒಳಗೆಲ್ಲ ಪ್ಲಾಸ್ಟಿಕ್ಕಿನ ಮರ. ಕಾರಿನ ಇತಿಹಾಸ ಬರೆಯುವವರು ಈ ಕಾಲವನ್ನು ಬೇಸರದ ಕಾಲ ಎಂದೇ ದಾಖಲಿಸುತ್ತಾರೆ. ಆದರೂ ಇವು ಕೈತುಂಬ ಮಾರಿದವು; ಕಟ್ಲಸ್ ಅಂತೂ ಆ ವರ್ಷಗಳಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಮಾರಾಟವಾಗುವ ಕಾರುಗಳಲ್ಲಿ ಒಂದು.

ಹಾಗೆ ಕೈತುಂಬ ಮಾರಿದ್ದರಿಂದಲೇ 90ರ ದಶಕದ ಹೊತ್ತಿಗೆ ಇವು ಅಗ್ಗವಾಗಿ ಬೀದಿಬೀದಿಯಲ್ಲಿ ಸಿಕ್ಕವು. 64ರ ಇಂಪಾಲಾ ಅಷ್ಟರಲ್ಲಿ ಸಾಮಾನ್ಯ ದುಡಿಮೆಗಾರನ ಮಗನ ಕೈಗೆ ಎಟುಕದ ಎತ್ತರಕ್ಕೆ ಹೋಗಿತ್ತು. ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಏನು ಮಾಡಬೇಕು? ಚಿಕ್ಕಮ್ಮನ ಹಳೆಯ ರೀಗಲ್ ಕೇಳಿ ಪಡೆದುಕೊಂಡ. ಈ ಸಾಲಿನ ಕಾರುಗಳ ಕಥೆ ಕೇಳುತ್ತ ಹೋದರೆ ಬಹುಪಾಲು ಹೀಗೆಯೇ ಆರಂಭವಾಗುತ್ತವೆ: ಯಾರೋ ಅಜ್ಜಿ, ಯಾರೋ ಅತ್ತೆ, ಪಕ್ಕದ ಮನೆಯ ಮುದುಕರು.

ಅಗ್ಗವಾಗಿತ್ತು ಅನ್ನುವುದೊಂದೇ ಕಾರಣವಲ್ಲ. ಈ ಕಾರುಗಳ ಮೈ ಕೆಳಗೆ ಹಳೇ ಕಾಲದ ಕಟ್ಟು ಉಳಿದುಕೊಂಡಿತ್ತು. ಕೆಳಗೆ ಬೇರೆಯೇ ಒಂದು ಉಕ್ಕಿನ ಚೌಕಟ್ಟು, ನಮ್ಮ ಲಾರಿಗಳಲ್ಲಿ ಚಾಸಿ ಎನ್ನುತ್ತೇವಲ್ಲ, ಅದು. ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಮೈ. ನಾಲ್ಕೂ ಮೂಲೆಯಲ್ಲಿ ಕಾಯಿಲ್ ಸ್ಪ್ರಿಂಗ್. ಎಂಜಿನ್ ಮುಂದೆ, ಅದರ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. 80ರ ದಶಕ ಮುಗಿಯುವಷ್ಟರಲ್ಲಿ ಈ ಗಾತ್ರದ ಅಮೆರಿಕನ್ ಕಾರುಗಳು ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ, ಚೌಕಟ್ಟೇ ಇಲ್ಲದ ಹೊಸ ಕಟ್ಟಿಗೆ ಬದಲಾದವು. ಮಾಂಟೆ ಕಾರ್ಲೊ 1988ಕ್ಕೆ ಕಣ್ಣು ಮುಚ್ಚಿತು. ಅಲ್ಲಿಗೆ ಹಳೆಯ ಪದ್ಧತಿಯಲ್ಲಿ ಕಟ್ಟಿದ ಮಧ್ಯಮ ಗಾತ್ರದ, ಎರಡು ಬಾಗಿಲಿನ ಕೊನೆಯ ಕೂಪ್‌ಗಳು ಜಿ-ಬಾಡಿಗಳೇ. ಚೌಕಟ್ಟಿದ್ದರೆ ಬೆಸುಗೆ ಹಾಕಿ ಬಲಪಡಿಸಬಹುದು. ಸ್ಪ್ರಿಂಗ್ ಇದ್ದರೆ ಅದರೊಂದಿಗೆ, ಎಣ್ಣೆಯ ಒತ್ತಡದಿಂದ ಕಾರನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರ್ ಕೂರಿಸಬಹುದು. ಇಂಪಾಲಾಗಿಂತ ಹಗುರ, ಗಿಡ್ಡ. ಹಾಗಾಗಿ ಮುಂದಿನ ಚಕ್ರಗಳನ್ನು ನೆಲದಿಂದ ಎಗರಿಸುವ ಸ್ಪರ್ಧೆಯಲ್ಲಿ ರೀಗಲ್ಲು, ಕಟ್ಲಸ್ಸು, ಮಾಂಟೆ ಕಾರ್ಲೊಗಳದ್ದೇ ಮೇಲುಗೈ.

ಹೈಡ್ರಾಲಿಕ್ಸ್ ಬಂದ ಕಥೆಯೂ ಸ್ವಾರಸ್ಯದ್ದು. ಚಕ್ರದ ರಿಮ್‌ನ ಕೆಳಗಂಚಿಗಿಂತ ಕಾರಿನ ಯಾವ ಭಾಗವೂ ಕೆಳಗಿರಬಾರದು ಎಂದು 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು. ತಗ್ಗಿಸಿದ ಕಾರಿನವರಿಗೆ ಪೊಲೀಸರು ಚೀಟಿ ಹರಿಯತೊಡಗಿದರು. 1959ರಲ್ಲಿ ರಾನ್ ಅಗೀರೆ ಎಂಬಾತ ತನ್ನ ಸ್ಪೋರ್ಟ್ಸ್ ಕಾರು ಕಾರ್ವೆಟ್‌ಗೆ ವಿಮಾನದ ಗುಜರಿಯಿಂದ ಬಂದ ಹೈಡ್ರಾಲಿಕ್ ಪಂಪುಗಳನ್ನು ಜೋಡಿಸಿದ. ಪೊಲೀಸರು ಕಂಡರೆ ಸ್ವಿಚ್ ಒತ್ತಿ ಕಾರನ್ನು ಎತ್ತುವುದು, ಅವರು ಹೋದಮೇಲೆ ಇಳಿಸುವುದು. ಕಾನೂನಿನಿಂದ ತಪ್ಪಿಸಿಕೊಳ್ಳಲು ಮಾಡಿದ ಉಪಾಯವೇ ಆಮೇಲೆ ಕಲೆಯ ಮುಖ್ಯ ಅಂಗವಾಯಿತು. ಸರ್ಕಾರ ಸುಮ್ಮನಿದ್ದಿದ್ದರೆ ಈ ಕಾರುಗಳು ಕುಣಿಯುವುದನ್ನು ಕಲಿಯುತ್ತಿದ್ದವೋ ಇಲ್ಲವೋ!

ಡಿಕ್ಕಿ ತೆರೆದರೆ ಈಗ ಕಾಣುವುದು ಬ್ಯಾಟರಿಗಳ ಸಾಲು. 12 ವೋಲ್ಟಿನ ಆರು ಬ್ಯಾಟರಿಯನ್ನು ಒಂದರ ಬಾಲಕ್ಕೊಂದು ಜೋಡಿಸಿದರೆ 72 ವೋಲ್ಟ್. ಜೋರಾಗಿ ಎಗರುವ ಕಾರಿಗೆ ಅದೂ ಸಾಲದು. ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳಿದರೆ ಆ ಮೂಲೆ ಏಳುತ್ತದೆ. ಡಂಪ್ ಎಂಬ ಕವಾಟ ತೆರೆದರೆ ಎಣ್ಣೆ ಟ್ಯಾಂಕಿಗೆ ಹಿಂದಿರುಗಿ ಕಾರು ಕೂರುತ್ತದೆ. ತತ್ವ ಅಷ್ಟೇ. ಆದರೆ ಅದನ್ನು ಜೋಡಿಸಿರುವ ರೀತಿ ನೋಡಬೇಕು. ಒಬ್ಬರು ನನಗಾಗಿ ಕಟ್ಲಸ್‌ನ ಡಿಕ್ಕಿ ತೆರೆದಿದ್ದರು. ಎಣ್ಣೆಯ ಪೈಪುಗಳನ್ನೆಲ್ಲ ಕ್ರೋಮ್ ಮಾಡಿ, ಎಡಬಲ ಒಂದಕ್ಕೊಂದು ಪ್ರತಿಬಿಂಬವಾಗುವಂತೆ ಬಾಗಿಸಿದ್ದರು. “ಇಷ್ಟು ಅಚ್ಚುಕಟ್ಟು ಯಾಕೆ, ಡಿಕ್ಕಿ ಮುಚ್ಚಿದರೆ ಯಾರಿಗೂ ಕಾಣಲ್ಲವಲ್ಲ” ಅಂದೆ. ಅವರು, “ನನಗೆ ಗೊತ್ತಿರುತ್ತಲ್ಲ” ಅಂದರು. ನಾನು ಕೋಡ್ ಬರೆಯುವವನು. ಆ ಉತ್ತರ ಸುಮ್ಮನೆ ತಳ್ಳಿಹಾಕುವಂಥದ್ದಾಗಿರಲಿಲ್ಲ.

ಇಷ್ಟೆಲ್ಲದರಲ್ಲಿ ನನಗೆ ಅತ್ಯಂತ ಇಷ್ಟದ್ದು ಸದ್ದು ಮಾಡುವ, ಎಗರುವ ಕಾರಲ್ಲ. ಅದು ಕ್ಯಾಡಿಲಾಕ್‌ನ ಒಂದು ವಿಚಿತ್ರ ತಳಿ.

ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ, ಎರಡೇ ಬಾಗಿಲಿನ ಕೂಪ್ ಡಿ ವಿಲ್ ಎಂಬ ಉದ್ದನೆಯ ಕ್ಯಾಡಿಲಾಕ್ 1984ಕ್ಕೆ ನಿಂತುಹೋಯಿತು. ಅದೇ ಮೈಕಟ್ಟಿನ ಫ್ಲೀಟ್‌ವುಡ್ ಬ್ರೋಮ್ ಕೂಪ್ ಇನ್ನೊಂದು ವರ್ಷ ತಳ್ಳಿತು. ಆಮೇಲೆ ಉಳಿದಿದ್ದು ನಾಲ್ಕು ಬಾಗಿಲಿನದು ಮಾತ್ರ. ಅದಕ್ಕೆ 1990ರಲ್ಲಿ ಕಂಪನಿ ಒಮ್ಮೆ ಮುಖ ತಿದ್ದಿತು: ಹೊಸ ಹೆಡ್‌ಲೈಟು, ಬಾಗಿಲುಗಳ ಕೆಳಗೆ ಅಗಲವಾದ ಹೊಸ ಪಟ್ಟಿ, ಒಳಗೆ ಅಂಕಿ ತೋರಿಸುವ ಡ್ಯಾಶ್‌ಬೋರ್ಡ್. 1992ಕ್ಕೆ ಅದೂ ಮುಗಿಯಿತು. ಅಂದರೆ ಎರಡು ಬಾಗಿಲೂ 90ರ ಮುಖವೂ ಒಟ್ಟಿಗಿರುವ ಕ್ಯಾಡಿಲಾಕ್ ಯಾವ ಶೋರೂಮಿನಲ್ಲೂ ಬಂದು ನಿಲ್ಲಲಿಲ್ಲ. ಕಾರು ಕಂಪನಿಗಳ ಊರಾದ ಡೆಟ್ರಾಯಿಟ್ ಅದನ್ನು ಮಾಡಲೇ ಇಲ್ಲ.

ಲೋರೈಡರ್‌ಗಳು ಮಾಡಿದರು. 80ರ ದಶಕದ ಆರಂಭದ ಕೂಪ್ ಒಂದನ್ನು ಹಿಡಿದು, ಗುಜರಿಗೆ ಬಿದ್ದ 90-92ರ ನಾಲ್ಕು ಬಾಗಿಲಿನ ಬ್ರೋಮ್ ಒಂದನ್ನು ಕೊಂಡು, ಅದರ ಮುಖ, ಹಿಂಬದಿ, ಪಟ್ಟಿ, ಡ್ಯಾಶ್‌ಬೋರ್ಡ್ ಎಲ್ಲವನ್ನೂ ಇದಕ್ಕೆ ಕಟ್ಟಿದರು. ಹೇಳಿದಷ್ಟು ಸುಲಭವಲ್ಲ. ಕೂಪ್‌ನ ಬಾಗಿಲು ಉದ್ದ. ನಾಲ್ಕು ಬಾಗಿಲಿನ ಕಾರಿನ ಪಟ್ಟಿ ಅದಕ್ಕೆ ಕೂರುವುದಿಲ್ಲ. ಕತ್ತರಿಸಬೇಕು, ಎರಡನ್ನು ಒಂದು ಮಾಡಬೇಕು, ಜೋಡಿಸಿದ ಗುರುತು ಕಾಣದಂತೆ ಉಜ್ಜಬೇಕು. ಇದನ್ನೇ ‘ನೈಂಟೀಡ್’ ಕ್ಯಾಡಿ ಎನ್ನುತ್ತಾರೆ.

ಇದರ ಸೊಗಸಿರುವುದು ಇಲ್ಲಿ. ಬೇರೆ ತಿದ್ದುಪಡಿಗಳೆಲ್ಲ “ನೋಡಿ, ನನ್ನನ್ನು ತಿದ್ದಿದ್ದಾರೆ” ಎಂದು ಕೂಗಿ ಹೇಳುತ್ತವೆ. ಇದು ಬಾಯಿ ಬಿಡುವುದಿಲ್ಲ. ಕೆಲಸ ಚೆನ್ನಾಗಿ ಆಗಿದ್ದರೆ ದಾರಿಹೋಕನಿಗೆ ಏನೂ ತಿಳಿಯಬಾರದು. ಹಳೆಯದೊಂದು ಕ್ಯಾಡಿಲಾಕ್, ಚೆನ್ನಾಗಿಟ್ಟುಕೊಂಡಿದ್ದಾರೆ ಅಂದುಕೊಂಡು ಮುಂದೆ ಹೋಗಬೇಕು. ಬಲ್ಲವನು ಮಾತ್ರ ಎರಡು ಹೆಜ್ಜೆ ಹಿಂದೆ ಬಂದು, ತಡೆ, ಇಂಥ ಕಾರು ಇರಲೇ ಇಲ್ಲವಲ್ಲ ಎಂದು ನಿಂತುಬಿಡುತ್ತಾನೆ. ಮಾಂಟೆ ಕಾರ್ಲೊದಲ್ಲೂ ಇಂಥದ್ದೇ ಒಂದು ಆಟವಿದೆ. 1986ರಲ್ಲಿ ಬಂದ ಎಲ್‌ಎಸ್ ಮಾದರಿಯ ನುಣುಪಾದ ಹೆಡ್‌ಲೈಟಿನ ಮೂತಿಯನ್ನು ಹಿಂದಿನ ವರ್ಷಗಳ ಮೈಗೆ ಹಾಕಿಕೊಳ್ಳುತ್ತಾರೆ. ಕಂಪನಿಯ ವಿನ್ಯಾಸಗಾರರು ತಡವಾಗಿ ಎದ್ದು ಮಾಡಿದ ಒಳ್ಳೆಯ ಕೆಲಸವನ್ನು ಇವರು ಹಿಂದಿನ ತಾರೀಖು ಹಾಕಿ ಜಾರಿಗೆ ತರುತ್ತಾರೆ.

ಕಾರ್ಖಾನೆಯೇ ಬೀದಿಯಿಂದ ಕಲಿತದ್ದೂ ಉಂಟು. 1991ರಲ್ಲಿ ಕಪ್ರೀಸ್‌ಗೆ ಹೊಸ ಮೈ ಬಂತು. ‘ಮೋಟರ್ ಟ್ರೆಂಡ್’ ಪತ್ರಿಕೆ ವರ್ಷದ ಕಾರು ಎಂದು ಪಟ್ಟ ಕಟ್ಟಿತು. ಜನ ದಡಕ್ಕೆ ಬಿದ್ದ ತಿಮಿಂಗಿಲ ಎಂದು ನಕ್ಕರು. ಹಿಂದಿನ ಚಕ್ರದ ಅರ್ಧಕ್ಕೆ ಲಂಗ ಇಳಿಬಿಟ್ಟಂತೆ ತಗಡು ಮುಚ್ಚಿತ್ತು. ಪೊಲೀಸರಿಗೂ ಟ್ಯಾಕ್ಸಿಯವರಿಗೂ ಅದು ಒಗ್ಗಿತು, ಮನೆ ಗಿರಾಕಿ ದೂರ ಸರಿದ. ಆಗ ಜನರಲ್ ಮೋಟರ್ಸ್ ಒಳಗೇ ಇದ್ದ ಜಾನ್ ಮಾಸ್ ಎಂಬವರು ಅದೇ ತಿಮಿಂಗಿಲವನ್ನು ತಗ್ಗಿಸಿ, ಕ್ರೋಮ್ ಕಿತ್ತು, ಕಪ್ಪು ಬಳಿದು, ದೊಡ್ಡ ಅಲಾಯ್ ಚಕ್ರ ಹಾಕಿ 1992ರಲ್ಲಿ ಲಾಸ್ ವೇಗಸ್‌ನ ಸೀಮಾ ಪ್ರದರ್ಶನದಲ್ಲಿ ನಿಲ್ಲಿಸಿದರು. ಕಾರು ತಿದ್ದುವವರ ಸಾಮಗ್ರಿಯ ಸಂತೆ ಅದು. ನೋಡಿದವರೆಲ್ಲ ಇದನ್ನು ಮಾರಿ ಅಂದರು. 1994ರಲ್ಲಿ ಇಂಪಾಲಾ ಎಸ್‌ಎಸ್ ಎಂಬ ಹಳೆಯ ಹೆಸರನ್ನು ಹೊತ್ತು ಅದು ರಸ್ತೆಗೆ ಬಂತು. ಕಾರ್ವೆಟ್ ಎಂಜಿನ್‌ನ ಸ್ವಲ್ಪ ಪಳಗಿಸಿದ ರೂಪ, 5.7 ಲೀಟರ್, 260 ಅಶ್ವಶಕ್ತಿ, ಪೊಲೀಸ್ ಕಾರಿನ ಸಸ್ಪೆನ್ಷನ್, 17 ಇಂಚಿನ ಚಕ್ರ. ಮೊದಲ ವರ್ಷ ಕಪ್ಪು ಬಣ್ಣ ಬಿಟ್ಟರೆ ಬೇರೆ ಇಲ್ಲ. ಮೂರು ವರ್ಷದಲ್ಲಿ ಹೆಚ್ಚುಕಡಿಮೆ 70,000 ಕಾರು ಮಾಡಿ, 1996ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆಯನ್ನು ಹೆಚ್ಚು ಲಾಭದ ಎಸ್‌ಯುವಿಗಳಿಗೆ ಬಿಟ್ಟುಕೊಟ್ಟರು. ವ್ಯಾಪಾರದ ಲೆಕ್ಕದಲ್ಲಿ ಸರಿಯೇ. ಜನ ಕ್ಯೂ ನಿಂತು ಕೇಳುತ್ತಿದ್ದ ಕಾರನ್ನು ನಿಲ್ಲಿಸುವ ಆ ಲೆಕ್ಕದ ಬಗ್ಗೆ ಈ ಸಾಲಿನಲ್ಲಿ ಇವತ್ತಿಗೂ ಬೈಗುಳ ಕೇಳಬಹುದು.

ಬಣ್ಣದ ಮಾತಿಗೆ ಬರಬೇಕಾದರೆ ನಮ್ಮ ಸೋದರಮಾವನನ್ನು ಕರೆತರಬೇಕು. ದಾವಣಗೆರೆಯಲ್ಲಿ ಟಿಂಕರಿಂಗ್ ಶೆಡ್ಡಿನಲ್ಲಿ ಆಯುಷ್ಯ ಸವೆಸಿದವರು. ಅಂಬಾಸಡರ್ ಕಾಲದಿಂದ ತಗ್ಗು ತುಂಬುವ ಪುಟ್ಟಿ ಹಾಕಿ, ವಾಟರ್ ಪೇಪರ್ ಉಜ್ಜಿ, ಗನ್ ಹಿಡಿದು ಬಣ್ಣ ಹೊಡೆದ ಕೈ. ಇಲ್ಲಿಗೆ ಬಂದಾಗ ಗೋಲ್ಡನ್ ಗೇಟ್ ಸೇತುವೆ ತೋರಿಸಿದರೆ “ಹೂಂ, ಚೆನ್ನಾಗೈತೆ” ಅಂದು ಸುಮ್ಮನಾದರು. ಈ ಕಾರುಗಳ ಮುಂದೆ ಮಾತ್ರ ಬಾಗಿ, ಒಂದು ಕಣ್ಣು ಮುಚ್ಚಿ, ಬಾಗಿಲಿನ ಉದ್ದಕ್ಕೂ ನೋಟ ಹರಿಸಿದರು. ತಗಡಿನಲ್ಲಿ ಮೂಡಿದ ದೀಪದ ಕಂಬದ ನೆರಳನ್ನು ಅವರು ನೋಡುತ್ತಿದ್ದರು. ಕಂಬ ನೆಟ್ಟಗೆ ಕಂಡರೆ ತಗಡು ಸಪಾಟು. ಹಾವಿನ ಹಾಗೆ ಬಳುಕಿದರೆ ಒಳಗೆ ಪುಟ್ಟಿ ಅಲೆ ಎದ್ದಿದೆ ಎಂದರ್ಥ.

ರೀಗಲ್‌ನ ಯಜಮಾನ ಕುರ್ಚಿಯಿಂದ ಎದ್ದು ಬಂದರು. ಅವರಿಗೂ ಗೊತ್ತಾಯಿತು, ಇದು ಬರೀ ನೋಡಲು ಬಂದ ಕಣ್ಣಲ್ಲ ಅಂತ. ಮಾವ ನನ್ನ ಕಡೆ ತಿರುಗಿ, “ಕೇಳು ಅಳಿಯ, ಎಷ್ಟು ಕೋಟ್ ಹೊಡ್ದಾರೆ ಅಂತ” ಅಂದರು. ಕೇಳಿದೆ. ಆ ಮನುಷ್ಯ ನಕ್ಕು, ಲೆಕ್ಕ ಪೇಂಟರ್‌ಗೆ ಗೊತ್ತು, ಅವನು ಹೇಳಲ್ಲ ಅಂದರು. ಮಾವ ತಲೆಯಾಡಿಸಿದರು. “ಹೇಳಬಾರ್ದು. ಸರಿಯಾಗೇ ಅಂದಾನೆ.”

ಆ ಗುಟ್ಟಿಗೆ ಕಾರಣವಿದೆ. ಕ್ಯಾಂಡಿ ಪೇಂಟ್ ಎಂಬುದು ಮಾಮೂಲಿ ಬಣ್ಣದ ಹಾಗೆ ತಗಡನ್ನು ಮುಚ್ಚುವುದಿಲ್ಲ. ಮೊದಲು ಬೆಳ್ಳಿ ಅಥವಾ ಚಿನ್ನದ ಹೊಳಪಿನ ತಳ. ಅದರ ಮೇಲೆ ಬಣ್ಣ ಬೆರೆಸಿದ ಪಾರದರ್ಶಕ ಪದರ, ಒಂದರ ಮೇಲೊಂದು. ಬೆಳಕು ಪದರಗಳನ್ನು ದಾಟಿ ತಳಕ್ಕೆ ಬಡಿದು ವಾಪಸು ಬರುತ್ತದೆ. ಅದಕ್ಕೇ ಬಣ್ಣ ಆಳದಿಂದ ಎದ್ದು ಬಂದಂತೆ ಕಾಣುವುದು. ಪ್ರತಿ ಪದರಕ್ಕೂ ಬಣ್ಣ ಒಂದಿಷ್ಟು ಗಾಢವಾಗುತ್ತ ಹೋಗುತ್ತದೆ. ಬಾಗಿಲಿಗೆ ಒಂದು ಕೈ ಹೆಚ್ಚು, ಫೆಂಡರ್‌ಗೆ ಒಂದು ಕೈ ಕಡಿಮೆ ಬಿದ್ದರೆ ಎರಡು ಬೇರೆ ಕಾರಿನವು ಅನ್ನಿಸುತ್ತವೆ. ಗೀರು ಬಿದ್ದರೆ ಅಷ್ಟನ್ನೇ ತೇಪೆ ಹಾಕಲಾಗದು. ಈ ಬಗೆಯ ಬಣ್ಣದಲ್ಲಿ ಹೆಸರಾದ ಕ್ಯಾಂಡಿ ಆ್ಯಪಲ್ ಕೆಂಪನ್ನು ಕಂಡುಹಿಡಿದ ಕೀರ್ತಿ ನಮ್ಮ ಬೇ ಏರಿಯಾದವರೇ (ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಪ್ರದೇಶ) ಆದ ಜೋ ಬೈಲನ್‌ಗೆ ಸಲ್ಲುತ್ತದೆ. ರಾತ್ರಿ ಮುಂದೆ ಹೋಗುವ ಕಾರಿನ ಹಿಂದೀಪದ ಕೆಂಪನ್ನು ಕಂಡು ಅದನ್ನೇ ಮೈಬಣ್ಣ ಮಾಡಬೇಕೆಂದು ಹಟ ಹಿಡಿದವರಂತೆ.

80ರ ದಶಕದ ಕಾರಿಗೆ ಈ ಬಣ್ಣ ಇನ್ನೂ ಚೆನ್ನಾಗಿ ಒಪ್ಪುತ್ತದೆ ಅನ್ನುವುದು ನನ್ನ ವಾದ. 64ರ ಇಂಪಾಲಾಗೆ ತನ್ನದೇ ಆದ ತಿರುವು, ಏಣು, ಕ್ರೋಮ್ ಇದೆ. ಬಣ್ಣ ಅದರೊಂದಿಗೆ ಹೊಂದಿಕೊಂಡು ಹೋಗಬೇಕು. ಜಿ-ಬಾಡಿ ಕೂಪ್‌ಗೆ ಇರುವುದು ಅಗಲವಾದ ಸಾದಾ ಬಾಗಿಲು, ಚಪ್ಪಟೆ ಡಿಕ್ಕಿ, ನೇರ ಬಾನೆಟ್. ಕಂಪನಿ ಖರ್ಚು ಉಳಿಸಲು ಖಾಲಿ ಬಿಟ್ಟ ಜಾಗವೆಲ್ಲ ಪೇಂಟರ್‌ಗೆ ಸಿಕ್ಕಿತು. ಲೇಸ್ ಬಟ್ಟೆಯನ್ನು ತಗಡಿನ ಮೇಲೆ ಹರವಿ ಅದರ ಕಣ್ಣುಗಳ ಮೂಲಕ ಬಣ್ಣ ಊದಿ ಮೂಡಿಸಿದ ಜಾಲರಿ, ಮೀನಿನ ಹುರುಪೆಯ ವಿನ್ಯಾಸ, ಕೂದಲೆಳೆಯ ಗೆರೆಗಳು. ಆ ಗೆರೆಗಳನ್ನು ಉದ್ದ ಕೂದಲಿನ ಕುಂಚದಿಂದ ಬರಿಗೈಲಿ ಎಳೆಯುತ್ತಾರೆ. ಮಾವ ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.

ತಿದ್ದಿದ್ದೆಲ್ಲ ಚೆಂದ ಎಂದು ನಾನು ಹೇಳುತ್ತಿಲ್ಲ. 1987ರಲ್ಲಿ ಬ್ಯೂಯಿಕ್ ರೀಗಲ್‌ನದೇ ಮೈಯಲ್ಲಿ ಜಿಎನ್‌ಎಕ್ಸ್ ಎಂಬ ಕಪ್ಪು ಕಾರು ಬಂತು. ಟರ್ಬೊ ಹಾಕಿದ ವಿ-6 ಎಂಜಿನ್, ಮಾಡಿದ್ದು ಬರೀ 547. ಅದಕ್ಕೆ ಯಾರಾದರೂ ಗರಗಸ ಹಚ್ಚಿದರೆ ನಾನು ಅಡ್ಡ ಮಲಗುತ್ತೇನೆ. ಮಾಮೂಲಿ ರೀಗಲ್‌ಗಳು ಬೇಕಾದಷ್ಟಿವೆ, ಅವನ್ನು ಕತ್ತರಿಸಿ. ಫ್ಲಾರಿಡಾ ಕಡೆಯಿಂದ ಬಂದ, ಕಪ್ರೀಸ್‌ಗೆ 26 ಇಂಚಿನ ಚಕ್ರ ಹಾಕಿ ಏಣಿ ಹತ್ತಿ ಕೂರುವಂತೆ ಮಾಡುವ ಪದ್ಧತಿಯೂ ನನ್ನ ಕಣ್ಣಿಗೆ ಇನ್ನೂ ಒಗ್ಗಿಲ್ಲ. ಅಲ್ಲಿಯವರಿಗೆ ನಮ್ಮ 13 ಇಂಚಿನ ಚಕ್ರ ಆಟಿಕೆಯಂತೆ ಕಾಣಬಹುದು. ಇರಲಿ.

ಇನ್ನು ಮೊದಲು ಹೇಳಿದ ಹಿರಿಯರ ತಕರಾರು. ಅವರ ಪ್ರಕಾರ ಪರಂಪರೆ ಎಂದರೆ 60ರ ದಶಕದ ಶೆವರ್ಲೆ. ಆ ಪರಂಪರೆಯ ಕಿರೀಟ ಎನ್ನಬಹುದಾದದ್ದು ಜಿಪ್ಸಿ ರೋಸ್: ಪೂರ್ವ ಲಾಸ್ ಏಂಜಲಿಸ್‌ನ ಇಂಪೀರಿಯಲ್ಸ್ ಕ್ಲಬ್ಬಿನ ಜೆಸ್ಸಿ ವಲದೇಸ್ ಅವರ 1964ರ ಇಂಪಾಲಾ, ಗುಲಾಬಿ ಮೈಯ ತುಂಬ ಕೈಯಲ್ಲಿ ಬರೆದ ಗುಲಾಬಿಗಳು. 2017ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿಸಿ, ವಾಷಿಂಗ್ಟನ್‌ನ ನ್ಯಾಷನಲ್ ಮಾಲ್‌ನಲ್ಲಿ ಗಾಜಿನ ಮನೆಯೊಳಗೆ ನಿಲ್ಲಿಸಿದ್ದರು. ಇನ್ನೊಂದು, ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿರುವ ‘ಡೇವ್ಸ್ ಡ್ರೀಮ್’: ನ್ಯೂ ಮೆಕ್ಸಿಕೊದ ಚಿಮಾಯೊ ಊರಿನ ಡೇವ್ ಹರಮಿಯೊ ಕಟ್ಟಲು ಶುರುಮಾಡಿದ 1969ರ ಫೋರ್ಡ್ ಎಲ್‌ಟಿಡಿ. 1978ರಲ್ಲಿ ಅವರು ಅಪಘಾತದಲ್ಲಿ ತೀರಿಕೊಂಡ ಮೇಲೆ ಮನೆಯವರೇ ಅದನ್ನು ಪೂರೈಸಿದರು.

ಆ ಇಸವಿಗಳನ್ನೇ ಇನ್ನೊಮ್ಮೆ ನೋಡಿ. 1969ರ ಫೋರ್ಡು, 1978. ಒಂಬತ್ತು ವರ್ಷದ ಸೆಕೆಂಡ್ ಹ್ಯಾಂಡ್ ಕಾರು! ಜಿಪ್ಸಿ ರೋಸ್ ದೇಶದ ಟಿವಿಯಲ್ಲಿ ಕಾಣಿಸಿಕೊಂಡಿದ್ದು 1974ರಲ್ಲಿ. ಆಗ ಅದಕ್ಕೆ ಹತ್ತು ವರ್ಷ. ಇವರ್‍ಯಾರೂ ಪುರಾತನ ವಸ್ತುವನ್ನು ಪೂಜೆಗಿಟ್ಟವರಲ್ಲ. ಕೈಗೆಟುಕುವ ಬೆಲೆಗೆ ಸಿಕ್ಕ, ನಿನ್ನೆ ಮೊನ್ನೆಯ ಕಾರನ್ನು ತಂದು ತಿದ್ದಿದವರು. ಅವರ ಕಾಲಕ್ಕೆ ಅವರದೂ ಲೇಟ್ ಮಾಡೆಲ್ಲೇ. ಇವತ್ತು ಕಟ್ಲಸ್ ತಂದು ಅಂಗಳದಲ್ಲಿ ನಿಲ್ಲಿಸಿಕೊಂಡ ಹುಡುಗ ಪರಂಪರೆ ಮುರಿಯುತ್ತಿಲ್ಲ, ಅವರು ಮಾಡಿದ್ದನ್ನೇ ಮಾಡುತ್ತಿದ್ದಾನೆ. ಇದನ್ನು ಒಬ್ಬ ಹಿರಿಯರ ಬಳಿ ಹೇಳಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಇರಬಹುದು, ಆದರೆ ನನ್ನ 63 ಇನ್ನೂ ಚೆಂದ” ಅಂದರು. ಅದಕ್ಕೆ ಎದುರಾಡಲು ನನಗೂ ಧೈರ್ಯ ಬರಲಿಲ್ಲ.

ಈ ಕಾರುಗಳು ಬೀದಿಗಿಳಿಯುವ ಹಕ್ಕೂ ಸುಲಭಕ್ಕೆ ಬಂದದ್ದಲ್ಲ. ನಿಧಾನವಾಗಿ ಸಾಲುಗಟ್ಟಿ ಹೋಗುವುದನ್ನು ಸ್ಯಾನ್ ಹೋಸೆ 1986ರಲ್ಲಿ ನಿಷೇಧಿಸಿತು, ಸ್ಯಾನ್ ಡಿಯೇಗೊ ಪಕ್ಕದ ನ್ಯಾಷನಲ್ ಸಿಟಿ 1992ರಲ್ಲಿ. ಕಂದು ಮೈಬಣ್ಣದ ಹುಡುಗರು ರಾತ್ರಿ ಹತ್ತು ಕಾರಿನಲ್ಲಿ ಬಂದರೆ ಅದು ಗಲಾಟೆಯೇ ಎಂಬ ಎಣಿಕೆ ಅದರ ಹಿಂದಿತ್ತು. ಕ್ಲಬ್ಬಿನವರು ವರ್ಷಗಟ್ಟಲೆ ಪುರಸಭೆಗಳ ಬಾಗಿಲು ತಟ್ಟಿದರು. ಸ್ಯಾನ್ ಹೋಸೆ 2022ರಲ್ಲಿ, ನ್ಯಾಷನಲ್ ಸಿಟಿ 2023ರಲ್ಲಿ ನಿಷೇಧ ತೆಗೆದವು. ಅದೇ ವರ್ಷ ಸಹಿಯಾದ ಎಬಿ 436 ಎಂಬ ರಾಜ್ಯ ಕಾನೂನು 2024ರ ಜನವರಿ 1ರಿಂದ ಇಂಥ ಸ್ಥಳೀಯ ನಿಷೇಧಗಳನ್ನೆಲ್ಲ ರದ್ದು ಮಾಡಿತು; ತಗ್ಗಿಸಿದ ಕಾರನ್ನು ತಪ್ಪೆನ್ನುತ್ತಿದ್ದ ಆ ಹಳೆಯ ಕಲಮನ್ನೂ ಕಿತ್ತುಹಾಕಿತು. ನಮ್ಮ ದೇಶದಲ್ಲಿ ದಿಕ್ಕು ಉಲ್ಟಾ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಅಲ್ಲಗಳೆಯಲಾರೆ, ಆದರೂ ಮಾವನಂಥವರ ಕೈಗೆ ಒಂದು ಹಳೇ ಕಾಂಟೆಸ್ಸಾ ಕೊಟ್ಟು ನೋಡುವ ಆಸೆ ಹೋಗುವುದಿಲ್ಲ.

ಈಗ ಜಿ-ಬಾಡಿಯೂ ಅಗ್ಗವಲ್ಲ. ಇಪ್ಪತ್ತರ ಹುಡುಗರು 90ರ ದಶಕದ ಮತ್ತು ಅದರ ನಂತರದ ಲಿಂಕನ್ ಟೌನ್ ಕಾರ್ ಕಡೆ ಹೊರಳಿದ್ದಾರೆ. ಏರ್‌ಪೋರ್ಟಿಗೆ ಬಾಡಿಗೆ ಹೋಗಿ ಬಂದು ಸವೆದ ಆ ಕರಿಯ ಕಾರು. 2011ರವರೆಗೆ ತಯಾರಾಯಿತು, ಕೆಳಗೆ ಅದೇ ಬಗೆಯ ಚೌಕಟ್ಟು, ಹಿಂದಿನ ಚಕ್ರಕ್ಕೇ ಶಕ್ತಿ. ಮೊನ್ನೆ ಒಂದನ್ನು ಕಡು ನೇರಳೆ ಕ್ಯಾಂಡಿಯಲ್ಲಿ ನೋಡಿದೆ. ಮಾಂಟೆ ಕಾರ್ಲೊ ಯಜಮಾನರೊಬ್ಬರು ಅದರ ಕಡೆ ಗಲ್ಲ ಎತ್ತಿ ತೋರಿಸಿ, “ಇದೆಲ್ಲ ಒಂದು ಲೋರೈಡರ್ರಾ?” ಅಂದರು. ನನಗೆ ನಗು ತಡೆಯಲಾಗಲಿಲ್ಲ.

ಬೇ ಏರಿಯಾದಲ್ಲಿರುವವರು ಒಂದು ಭಾನುವಾರ ಪೂರ್ವದ ಕಡೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ; ಅವರ ಅಳತೆಗೆ ಬಾಗಿಸಿ ಕಟ್ಟಿದ ಲೋರೈಡರ್ ಸೈಕಲ್ಲುಗಳೂ ಇರುತ್ತವೆ. ಕಾರಿಗೆ ಒರಗಬೇಡಿ, ಬೆರಳು ಇಡಬೇಡಿ. ಬೆನ್ನಿನ ಬ್ಯಾಗಿನ ಜಿಪ್ಪು, ಸೊಂಟದ ಬೆಲ್ಟಿನ ಬಕಲ್ಲು ಬಗ್ಗೆ ಎಚ್ಚರ. ಎಷ್ಟು ಖರ್ಚಾಯಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಣ್ಣ ಯಾರು ಹೊಡೆದರು ಎಂದು ಕೇಳಿದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಡಿಕ್ಕಿ ತೆರೆದಿಟ್ಟಿದ್ದರೆ ಬಂದು ನೋಡಿ ಎಂದೇ ಅರ್ಥ. ಕಾರು ಎಗರುವಾಗ ಮಾತ್ರ ದೂರ ನಿಲ್ಲಿ. ಬ್ಯಾಟರಿ ಸಿಡಿಯುವುದೂ ಉಂಟು, ಆ ಆ್ಯಸಿಡ್ ಬಿದ್ದರೆ ಪ್ಯಾಂಟು ಹೋಯಿತೆಂದೇ ಲೆಕ್ಕ.